ದುಂಡಮ್ಮನ ಗೋಣಿತಾಟಿನ ಮೇಲೆ ಒಂದು ದಿನ

ಹೊಳೆ ದಂಡೆಯ ಆಶ್ರಮದಲ್ಲಿ ಸೋಮಲಿಂಗ ಅಂತ ಒಬ್ಬ ಶಿಷ್ಯನಿದ್ದ. ಧ್ಯಾನಕ್ಕೆ ಕೂರಿಸಿದರೆ ತೂಕಡಿಸುತ್ತಿದ್ದ. ಸಂತೆಗೆ ಕಳಿಸಿದರೆ ಮಾತ್ರ ಮೈಯೆಲ್ಲ ಕಣ್ಣು.

ಗುರುಗಳದು ಸೂಕ್ಷ್ಮ ಹೊಟ್ಟೆ. ಔಷಧಿ ಹೊಡೆದ ತರಕಾರಿ ಅವರಿಗೆ ಆಗಿಬರುತ್ತಿರಲಿಲ್ಲ. ಕೊಟ್ಟಿಗೆ ಗೊಬ್ಬರ ಹಾಕಿ ಬೆಳೆಯುವ ನಾಲ್ಕಾರು ಮಂದಿ ವಾರದ ಸಂತೆಯಲ್ಲಿ ಹೊಂಗೆ ಮರದ ಕೆಳಗೆ ಕೂರುತ್ತಿದ್ದರು. ಅವರ ಮಾಲು ಒಂಚೂರು ತುಟ್ಟಿ. ಅದನ್ನು ಅಗ್ಗಕ್ಕೆ ತರುವುದೇ ಸೋಮಲಿಂಗನ ತಪಸ್ಸು.

ಒಂದು ಸಂಜೆ ಚೀಲ ಇಳಿಸುತ್ತಲೇ ಶುರು ಮಾಡಿದ.

“ಗುರುಗಳೇ, ಹಲಸಂದೆಕಾಯಿ ಇವತ್ತು ಅರ್ಧ ಬೆಲೆಗೆ.”

“ಹೇಗಪ್ಪಾ?”

“ಹೊಂಗೆ ಮರದ ಕೆಳಗೆ ಕೂರೋ ದುಂಡಮ್ಮನ ಹತ್ತಿರ. ಬಿಸಿಲು ಇಳಿಯೋವರೆಗೂ ಅತ್ತಿತ್ತ ಸುತ್ತಾಡ್ಕೊಂಡಿದ್ದೆ. ಅವರೂರಿನ ಬಸ್ಸು ಬರೋ ಹೊತ್ತಿಗೆ ಹೋಗಿ ಕೇಳಿದೆ. ವಾಪಸ್ ಹೊತ್ಕೊಂಡು ಹೋಗೋಕಾಗುತ್ತಾ ಆಯಮ್ಮಂಗೆ? ಕೊಟ್ಟೇಬಿಟ್ಟಳು. ತೂಕದ ಮೇಲೆ ಎರಡು ಹಿಡಿ ಕೊಸರು ಬೇರೆ ಹಾಕಿಸ್ಕೊಂಡೆ.”

“ಕೊಸರು ಹಾಕುವಾಗ ಆಯಮ್ಮನ ಮುಖ ಹೇಗಿತ್ತು?”

ಸೋಮಲಿಂಗ ಯೋಚಿಸಿದ. “ನಾನು ತಕ್ಕಡಿ ನೋಡ್ತಿದ್ದೆ.”

ಗುರುಗಳು ಬೈಯಲಿಲ್ಲ. ಹಲಸಂದೆಕಾಯಿ ಬಿಡಿಸಲು ತಾವೂ ಕೂತರು. “ಮುಂದಿನ ಸಂತೆಗೆ ನಾನೂ ಬರ್ತೀನಿ,” ಅಂದರು.

ಮುಂದಿನ ಸಂತೆಯ ದಿನ ಇಬ್ಬರೂ ಹೋದಾಗ ದುಂಡಮ್ಮ ಕೂತಿರಲಿಲ್ಲ, ನಿಂತಿದ್ದಳು. ಗೋಣಿತಾಟಿನ ಮೇಲೆ ತರಕಾರಿ ರಾಶಿ ಹಾಗೇ ಇತ್ತು.

“ಬುದ್ಧಿ, ಹೆರಿಗೆಗೆ ಅಂತ ಬಂದಿದ್ದ ಮಗಳಿಗೆ ನೋವು ಕಾಣಿಸ್ಕೊಂಡದೆ. ಇಲ್ಲೇ ಆಸ್ಪತ್ರೆಗೆ ಸೇರಿಸವ್ರೆ. ಇದನ್ನ ಬಿಟ್ಟು ಹೋಗಂಗಿಲ್ಲ, ಇಲ್ಲಿ ನಿಲ್ಲಂಗಿಲ್ಲ.”

“ನೀನು ಹೋಗವ್ವ. ಇವನು ಕೂರ್ತಾನೆ.”

ದುಂಡಮ್ಮ ಸೋಮಲಿಂಗನನ್ನು ನೋಡಿದಳು. ಹೋದ ವಾರದ ಗಿರಾಕಿ ಅಂತ ಗುರುತು ಸಿಕ್ಕಿರಬೇಕು, ಸ್ವಲ್ಪ ಅನುಮಾನಿಸಿದಳು. ಆದರೆ ಹೊತ್ತಿರಲಿಲ್ಲ.

“ಬಾಣಂತಿಗೆ ಕೊಬ್ಬರಿ, ಬೆಲ್ಲ, ತುಪ್ಪ ಎಲ್ಲ ಇವತ್ತಿನ ವ್ಯಾಪಾರದಲ್ಲೇ ತಗೋಬೇಕು ಕಣಪ್ಪ. ಒಸಿ ನೋಡ್ಕೊ.”

ಅವಳು ಆಸ್ಪತ್ರೆಗೆ ಓಡಿದಳು. ಗುರುಗಳು ಆಶ್ರಮದ ದಾರಿ ಹಿಡಿದರು. ಸೋಮಲಿಂಗ ಗೋಣಿತಾಟಿನ ಮೇಲೆ ಕೂತ.

ಮೊದಲು ಒಬ್ಬ ಮುದುಕ ಬಂದ. ತೂಕ ಮುಗಿದ ಮೇಲೂ ಚೀಲದ ಬಾಯಿ ತೆರೆದುಕೊಂಡೇ ನಿಂತ. “ಕೊಸರು ಹಾಕಪ್ಪ.”

ಸೋಮಲಿಂಗನಿಗೆ ಗುರುಗಳ ಪ್ರಶ್ನೆ ನೆನಪಾಯಿತು. ಒಂದು ಹಿಡಿ ಹಾಕಿ ಈ ಸಲ ಮುಖ ನೋಡಿದ. ಮುದುಕನ ಮುಖ ಅರಳಿತ್ತು. ಇನ್ನೊಂದು ಹಿಡಿ ಹಾಕಿದ. ಇನ್ನಷ್ಟು ಅರಳಿತು.

ಅಯ್ಯೋ, ಇಷ್ಟು ದಿನ ಬರೀ ಕಿತ್ತುಕೊಂಡೆನಲ್ಲ, ಕೊಡುವುದರಲ್ಲಿ ಎಂಥಾ ಸುಖ ಇದೆ ಅಂದುಕೊಂಡ. ಗುರುಗಳು ಕಲಿಸಲು ಹೊರಟಿದ್ದು ಇದನ್ನೇ ಅಂತ ಅವನಿಗೆ ಗ್ಯಾರಂಟಿಯಾಗಿಹೋಯಿತು.

ಆಮೇಲೆ ಕೇಳಬೇಕೆ? ಕೇಳಿದ ಬೆಲೆಗೆ ಕೊಟ್ಟ. ಕೇಳದವರಿಗೂ ಕೊಸರು ಹಾಕಿದ. ಆಶ್ರಮದ ಸ್ವಾಮಿ ಬಾಯಿಗೆ ಬಂದ ರೇಟಿಗೆ ಕೊಡ್ತಾವ್ರಂತೆ ಅಂತ ಸುದ್ದಿ ಹಬ್ಬಿ ಜನ ಮುಗಿಬಿದ್ದರು. “ದೇವರಂಥ ಹುಡುಗ,” ಅಂದಳು ಒಬ್ಬಳು, ಬದನೆಕಾಯಿಯನ್ನು ಸೆರಗಿಗೂ ತುಂಬಿಕೊಳ್ಳುತ್ತಾ. ಮಧ್ಯಾಹ್ನಕ್ಕೆಲ್ಲ ಗೋಣಿತಾಟು ಬರಿದಾಯಿತು. ಅವನ ಎದೆ ತುಂಬಿತ್ತು.

ಬಿಸಿಲು ಇಳಿದ ಮೇಲೆ ದುಂಡಮ್ಮ ಬಂದಳು. ನಗುತ್ತಾ ಬಂದಳು.

“ಹೆಣ್ಣು ಕೂಸು ಕಣಪ್ಪ. ತಾಯಿ ಕೂಸು ಚೆನ್ನಾಗವ್ರೆ.”

ಸೋಮಲಿಂಗ ದುಡ್ಡಿನ ಗಂಟು ಕೊಟ್ಟ. ಅವಳು ಬಿಚ್ಚಿ ನೋಡಿದಳು. ಬರಿ ಗೋಣಿತಾಟನ್ನೂ ನೋಡಿದಳು.

“ಇಷ್ಟೇಯಾ?” ಅಂದಳು. ಆಮೇಲೆ ತಾನೇ, “ಹೋಗ್ಲಿ ಬಿಡು, ವಾಪಸ್ ಹೊರೋದು ತಪ್ತು. ದಿನವೆಲ್ಲ ಕೂತಿದ್ದೀಯ, ಊಟ ಮಾಡ್ದಾ?” ಅಂತ ಕೇಳಿದಳು.

ಎದುರಿಗೇ ದಿನಸಿ ಅಂಗಡಿ. ದುಂಡಮ್ಮ ಅಲ್ಲಿಗೆ ಹೋಗಿ ಒಂದು ಗಿಟುಕು ಕೊಬ್ಬರಿ ಕೈಗೆತ್ತಿಕೊಂಡು ಬೆಲೆ ಕೇಳಿದಳು. ಕೇಳಿ ವಾಪಸ್ ಇಟ್ಟಳು. ಚೌಕಾಸಿ ಮಾಡಲಿಲ್ಲ. ಒಂದಿಷ್ಟು ಬೆಲ್ಲ ಕಟ್ಟಿಸಿಕೊಂಡು ಆಸ್ಪತ್ರೆ ಕಡೆಗೆ ನಡೆದಳು.

ಸೋಮಲಿಂಗ ಅವಳು ವಾಪಸ್ ಇಟ್ಟ ಕೊಬ್ಬರಿಯನ್ನೇ ನೋಡುತ್ತಾ ನಿಂತ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಉಸಿರು ಬಿಡದೆ ಆಶ್ರಮಕ್ಕೆ ಬಂದವನು ನೇರ ಉಗ್ರಾಣಕ್ಕೆ ನುಗ್ಗಿ ಕೊಬ್ಬರಿ, ಬೆಲ್ಲ ತೆಗೆದು ಪಂಚೆಯಲ್ಲಿ ಕಟ್ಟತೊಡಗಿದ.

ಗುರುಗಳು ಬಾಗಿಲಲ್ಲಿ ನಿಂತರು. “ಯಾರಿಗಪ್ಪಾ?”

ನಡೆದಿದ್ದನ್ನೆಲ್ಲ ಅಳುತ್ತಾ ಹೇಳಿದ. “ಕೊಡೋದನ್ನ ಕಲಿತೆ ಅಂದ್ಕೊಂಡೆ ಗುರುಗಳೇ.”

ಗುರುಗಳು ಒಳಗೆ ಹೋದರು. ತಮ್ಮ ಗಂಜಿಗೆ ಅಂತ ಇಟ್ಟಿದ್ದ ತುಪ್ಪದ ಕುಡಿಕೆಯನ್ನು ತಂದು ಗಂಟಿನೊಳಗೆ ಇಟ್ಟರು. ಗಂಟನ್ನು ತಾವೇ ಬಿಗಿದರು.

“ಹೋದ ವಾರ ದುಂಡಮ್ಮಂದನ್ನ ತಂದು ನನಗೆ ಕೊಟ್ಟೆ,” ಅಂದರು. “ಇವತ್ತು ದುಂಡಮ್ಮಂದನ್ನೇ ಸಂತೆಗೆಲ್ಲ ಹಂಚಿದೆ. ಈಗ ಭಕ್ತರು ಕೊಟ್ಟಿದ್ದನ್ನ ದುಂಡಮ್ಮಂಗೆ ಕೊಡೋಕೆ ಹೊರಟಿದ್ದೀಯ. ಕೊಡು, ಬಾಣಂತಿ ಹಸಿದಿರ್ತಾಳೆ. ಆದರೆ ನಿಂದು ಇನ್ನೂ ಹೊರಗೆ ಬಂದಿಲ್ಲವಲ್ಲಪ್ಪ.”

“ನಂದು ಅಂತ ಏನಿದೆ ಗುರುಗಳೇ? ಉಟ್ಟ ಬಟ್ಟೆನೂ ಆಶ್ರಮದ್ದೇ.”

ಗುರುಗಳು ಅವನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. ಮೆತ್ತಗಿತ್ತು. ಕಣ್ಣೀರು ಒರೆಸಿಕೊಂಡಿದ್ದರಿಂದ ಒದ್ದೆಯಾಗಿತ್ತು. ಅದರ ಮೇಲೆ ಗಂಟು ಇಟ್ಟು, ಅವನ ಬೆರಳು ಮಡಿಸಿದರು.

“ಆಯಮ್ಮ ಕಳೆಗೆ ಔಷಧಿ ಹೊಡೆಯಲ್ಲ, ಒಂದೊಂದೂ ಕೈಯಲ್ಲೇ ಕೀಳ್ತಾಳೆ. ಇನ್ನು ಮಗಳ ಹತ್ತಿರ ಇರಬೇಕು, ಹೊಲದ ಕಡೆ ನೋಡೋರಿಲ್ಲ. ಆಸ್ಪತ್ರೆಯಲ್ಲಿ ಗಂಟು ಕೊಟ್ಟು ಇಲ್ಲಿಗೆ ಬರಬೇಡ, ಆ ಹೊಲಕ್ಕೆ ಹೋಗು. ಕಳೆ ಕಿತ್ಕೊಂಡು ಅಲ್ಲೇ ಇರು, ಬಾಣಂತನ ಮುಗಿದ ಮೇಲೆ ಬಾ.”