ಗೊಲ್ಲಾಳಜ್ಜನವರು ಕೇಳಿದ ಸಂಬಂಧ

ಮಗನಿಗೆ ಎರಡನೇ ಮದುವೆ ಮಾಡಲು ಅಪ್ಪಣೆ ಬೇಡಿ, ಹೊಸ ಹೆಣ್ಣಿಗೆ ಉಡಿ ತುಂಬುವ ಸಾಮಾನು ಕಟ್ಟಿಕೊಂಡು ಮಠಕ್ಕೆ ಬಂದ ಅತ್ತೆಯೊಬ್ಬಳು ಆ ಗಂಟನ್ನು ಕೊನೆಗೆ ಏನು ಮಾಡಿರಬಹುದು? ಊಹಿಸಿ ನೋಡೋಣ. ಅಜ್ಜನವರ ವಿಭೂತಿಯಿಂದ ಸೊಸೆಗೆ ಗಂಡುಮಗು ಹುಟ್ಟಿತು ಅನ್ನುತ್ತೀರೇನೋ. ಇಲ್ಲ ಸ್ವಾಮಿ, ಹಾಗಾಗಲಿಲ್ಲ. ಆದರೂ ಈ ಪ್ರಸಂಗ ಹೇಳುವುದೆಂದರೆ ನನಗೆ ಎಲ್ಲಿಲ್ಲದ ಸಂತೋಷ. ಕಣ್ಣಾರೆ ಕಂಡವನು ನಾನು.

ಕೆಂಚಿನಾಳದ ಪೂಜ್ಯ ಗೊಲ್ಲಾಳಜ್ಜನವರು ಗದ್ದುಗೆಯ ಮೇಲೆ ಕುಳಿತದ್ದಕ್ಕಿಂತ ದಾಸೋಹದ ಅಡುಗೆಮನೆಯ ನೆಲದ ಮೇಲೆ ಕುಳಿತದ್ದೇ ಹೆಚ್ಚು. ಅಂದೂ ಪುಂಡಿಪಲ್ಯೆ ಸೋಸುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಾನೂ ಎದುರಿಗೆ ಕುಳಿತು ಎಲೆ ಬಿಡಿಸುತ್ತಿದ್ದೆ. ಆಗ ಗಿರಿಮಲ್ಲವ್ವ ಬಂದಳು. ಅವಳ ಹಿಂದೆ, ತಲೆತಗ್ಗಿಸಿಕೊಂಡು, ಸೊಸೆ ಶಶಿಕಲಾ.

"ಅಜ್ಜಾರ, ಮಗಗ ಇನ್ನೊಂದು ಹೆಣ್ಣು ನೋಡೇವ್ರಿ. ಈ ಉಡಿ ಸಾಮಾನಕ್ಕ ನಿಮ್ಮ ಕೈ ಮುಟ್ಟಿಸಿ ಕೊಡ್ರಿ," ಎಂದು ಗಂಟನ್ನು ಮುಂದಿಟ್ಟಳು. "ಇಕಿ ಹೊಟ್ಟಿ ತೂತಿನ ಕೊಡ ಐತ್ರಿ. ತುಂಬತೈತಿ, ನಿಲ್ಲೂದಿಲ್ಲ. ಯಾವ ಜನ್ಮದ ಪಾಪನೋ!"

ಅಜ್ಜನವರು ಸೊಸೆಯತ್ತ ನೋಡಿದರು. "ಡಾಕ್ಟರು ಏನಂದಾರವ್ವ?"

"ನಾ ಹುಟ್ಟೂದರಾಗನ ಗರ್ಭಚೀಲದ ನಡುವ ಒಂದು ಗ್ವಾಡಿ ಐತಂತ್ರಿ."

ನಾನು ಮಾಸ್ತರ, ಬಾಯಿ ಸುಮ್ಮನಿದ್ದೀತೇ? ಹೆಣ್ಣುಕೂಸು ತಾಯಿಯ ಹೊಟ್ಟೆಯಲ್ಲಿರುವಾಗ ಎರಡು ನಾಳಗಳು ಕೂಡಿ ಅದರ ಗರ್ಭಕೋಶವಾಗುತ್ತದೆ, ಕೂಡಿದ ಮೇಲೆ ನಡುವಿನ ಪೊರೆ ಕರಗಬೇಕು, ಕೆಲವರಲ್ಲಿ ಅದು ಕರಗದೆ ಉಳಿಯುತ್ತದೆ ಎಂದೆ. ಅಂಥವರು ಬಸಿರಾಗುತ್ತಾರೆ. ಆ ಗೋಡೆಗೆ ಅಂಟಿಕೊಂಡ ಪಿಂಡಕ್ಕೆ ಮಾತ್ರ ರಕ್ತ ಸಾಲದೆ ಅದು ಜಾರಿಹೋಗಬಹುದು, ಇಲ್ಲವೇ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಬಹುದು. ಇದರಲ್ಲಿ ಅವಳ ತಪ್ಪೇನೂ ಇಲ್ಲ ಎಂದೆ.

"ನಿಮ್ಮ ಪಾಠ ನಿಮ್ಮ ಹುಡುಗರಿಗೆ ಹೇಳ್ರಿ ಮಾಸ್ತರ," ಎಂದಳು ಗಿರಿಮಲ್ಲವ್ವ.

ಅಜ್ಜನವರು ನಕ್ಕರು. ಆಮೇಲೆ, "ಇಕಿ ಹಡದ ಮಕ್ಕಳೆಷ್ಟು?" ಎಂದು ಕೇಳಿದರು.

"ಒಂದೂ ಇಲ್ರಿ."

"ಮೂರು ರೀ," ಎಂದಳು ಶಶಿಕಲಾ. ಯಾರೂ ಕೇಳದೆ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಎದುರುತ್ತರ ಕೊಡ್ತಿ? ಅವೇನು ಮಕ್ಕಳೇನ?"

"ಎರಡು ಮೊದಲ ಜಾರಿದ್ವು ಅಜ್ಜಾರ. ಮೂರನೇದು ಏಳು ತಿಂಗಳಿಗೆ ಬಂತ್ರಿ, ಕಾಲು ಮುಂದಾಗಿ. ಹೆಣ್ಣು. ನನಗ ಎಚ್ಚರ ಇರಲಿಲ್ರಿ. ಮಾರಿ ನೋಡಲಿಲ್ಲ."

ಅಜ್ಜನವರು ಕೈಯಲ್ಲಿದ್ದ ಪಲ್ಯೆ ಕೆಳಗಿಟ್ಟರು.

"ಹಂಗಾರ ಆ ಕೂಸಿನ್ನ ಎತ್ತಿಕೊಂಡವರು ಯಾರು, ಗಿರಿಮಲ್ಲವ್ವ?"

"ನಾನ ರೀ. ಸಂಜಿಮಟ ನನ್ನ ತೊಡಿ ಮ್ಯಾಲ ಇತ್ತು. ಹತ್ತಿ ಅರಳಿ ಹಾಲಾಗ ಅದ್ದಿ ತುಟಿಗೆ ಹಚ್ಚಿನಿ. ನುಂಗಲಿಲ್ರಿ. ನನ್ನ ಕೈಬಟ್ಟು ಹಿಡಕೊಂಡಿತ್ತು... ಬಿಡಲಿಲ್ಲ, ಅಜ್ಜಾರ."

"ನೀ ಅದಕ್ಕ ಏನಾಗಬೇಕು?"

"ಆಯಿ ಆಗಬೇಕ್ರಿ, ಅದರಪ್ಪನ ಹಡದವ್ವ."

"ನೀ ಆಯಿ. ಇಕಿ ಬಂಜಿ ಹೆಂಗವ್ವ?"

ಅಷ್ಟೇ. ಇನ್ನೊಂದು ಮಾತನ್ನೂ ಪೂಜ್ಯರು ಆಡಲಿಲ್ಲ. ಆ ಗಟ್ಟಿ ಹೆಂಗಸು ಸೆರಗು ಬಾಯಿಗೊತ್ತಿಕೊಂಡು ಅಲ್ಲಿಯೇ ಕುಸಿದಳು. "ಹೆಂಗಿತ್ರಿ ಅತ್ತಿ, ಅದರ ಮಾರಿ?" ಎಂದು ಸೊಸೆ ಮೆಲ್ಲಗೆ ಕೇಳಿದಳು. "ನಿನ್ನಂಗ ಇತ್ತವ್ವ, ನಿನ್ನಂಗನ," ಎಂದಳು ಅತ್ತೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಅಲ್ಲಿಯವರೆಗೆ ಆ ಮನೆಯಲ್ಲಿ ಆ ಕೂಸಿಗಾಗಿ ಯಾರೂ ಬಾಯಿಬಿಟ್ಟು ಅತ್ತಿರಲಿಲ್ಲವಂತೆ.

ಶಶಿಕಲಾಳ ಗರ್ಭಕೋಶದ ಆ ಗೋಡೆಯನ್ನು ಆಮೇಲೆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ದುರ್ಬೀನು ಒಳಗಿಳಿಸಿ ಕತ್ತರಿಸಿದರು. ಹೋಗಿಬನ್ನಿ ಎಂದು ಕಳಿಸಿದವರೂ ಅಜ್ಜನವರೇ. ಅನೇಕರಿಗೆ ಅದರಿಂದ ತೊಟ್ಟಿಲು ತೂಗುವ ಭಾಗ್ಯ ಬಂದಿದೆ. ಇವಳಿಗೆ ಬರಲಿಲ್ಲ. ಎರಡನೇ ಮದುವೆಯ ಮಾತನ್ನು ಮಾತ್ರ ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಇನ್ನು ಆ ಗಂಟು. ಗಿರಿಮಲ್ಲವ್ವ ಕಣ್ಣೊರೆಸಿಕೊಂಡು ಅದನ್ನು ಬಿಚ್ಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಹಸಿರು ಖಣ. "ಸೆರಗು ಹಿಡಿ, ನನ್ನವ್ವ," ಎಂದು ಅಜ್ಜನವರ ಸಮ್ಮುಖದಲ್ಲಿಯೇ ತನ್ನ ಸೊಸೆಯ ಉಡಿ ತುಂಬಿದಳು. ಅಂದು ಶ್ರಾವಣ ಸೋಮವಾರ, ೧೯೯೭ನೇ ಇಸವಿಯ ಆಗಸ್ಟ್ ಹನ್ನೊಂದನೇ ತಾರೀಖು.