ತೂಬು ತೆರೆದವರು ಯಾರು?

"ಇಂಗ್ಲಿಷ್ ವ್ಯಾಕರಣ ಅರೆದು ಕುಡಿದುಬಿಟ್ಟೆ ಕಣಯ್ಯಾ!" ಎಂದು ಹಿರೇಕೊಳದ ದೊರೆ ಕೆಂಪರಾಯ ವಿದೂಷಕ ಕೋನಪ್ಪನ ಮುಂದೆ ಎದೆಯುಬ್ಬಿಸಿದ. "ಆ್ಯಕ್ಟಿವ್ ವಾಯ್ಸ್‌ನಲ್ಲಿ ಕೆಲಸ ಮಾಡಿದವನು ಮುಂದೆ ನಿಲ್ಲುತ್ತಾನೆ. ಪ್ಯಾಸಿವ್‌ನಲ್ಲಿ ಕೆಲಸವೇ ಮುಂದೆ. ಮಾಡಿದವನ ಹೆಸರು ಹೇಳಿದರೂ ಆಯಿತು, ಬಿಟ್ಟರೂ ಆಯಿತು. ಕೇಳುವುದಕ್ಕೆ ಎಷ್ಟು ಗಂಭೀರ! ಇನ್ನುಮೇಲೆ ಆಸ್ಥಾನದ ವರದಿಯೆಲ್ಲ ಪ್ಯಾಸಿವ್‌ನಲ್ಲೇ ಇರಲಿ."

ಈ ಅಪ್ಪಣೆಗೆ ಎಲ್ಲರಿಗಿಂತ ಹಿಗ್ಗಿದವನು ದಿವಾನ ಭುಜಂಗಯ್ಯ. ಮರುದಿನವೇ "ಅರಮನೆಯ ಮಾವು ತಿನ್ನಲ್ಪಟ್ಟಿತು" ಎಂದು ವರದಿ ಒಪ್ಪಿಸಿದ. ತಿಂದವರು ಯಾರೆಂದು ಅವನ ಹೊಟ್ಟೆ ನೋಡಿದರೆ ಸಾಕಿತ್ತು.

ವಾರ ಕಳೆಯಿತು. "ಪ್ರಭು, ಸರದಿ ತಪ್ಪಿಸಿ ಕೆರೆಯ ತೂಬು ತೆರೆಯಲ್ಪಟ್ಟಿದೆ. ಗದ್ದೆಯ ನೀರು ಪೋಲಾಗಿದೆ" ಎಂದ ದಿವಾನ. ಆ ನೀರು ಕುಡಿದು ಅವನ ಬಾಳೆತೋಟ ತಂಪಾಗಿದ್ದ ಸಂಗತಿ ವರದಿಯಲ್ಲಿರಲಿಲ್ಲ.

ಆ ಊರಿನಲ್ಲಿ ತೂಬು ಮುಟ್ಟುವ ಹಕ್ಕು ನೀರಗಂಟಿ ಮಾರಯ್ಯನೊಬ್ಬನಿಗೇ. ಬೇರೆಯವರು ಮುಟ್ಟಿದರೆ ಗಡೀಪಾರು. ಹಾಗಾಗಿ ತಪ್ಪು ನೆಟ್ಟಗೆ ಮುದುಕನ ತಲೆಗೆ ಬಂತು. ಮೂರು ತಲೆಮಾರಿನ ಕೆಲಸ ಹೋಗುವುದರಲ್ಲಿತ್ತು.

"ನಾನು ತೆರೆದಿಲ್ಲ ಬುದ್ಧೀ, ಅಂದು ಊರಲ್ಲೇ ಇರಲಿಲ್ಲ, ಆ ಕೆರೆಯಾಣೆ!" ಎಂದು ಮಾರಯ್ಯ ಅತ್ತ. ಪಾಪ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೋನಪ್ಪ ಎದ್ದ. "ಪ್ರಭು, ಈಗಷ್ಟೇ ಕೆರೆಯ ಏರಿಯನ್ನು ನೋಡಿ ಬಂದೆ. ಬಿರುಕು ಬಿಟ್ಟಿದೆ! ಅಂದು ನೀರು ಇಳಿಯದಿದ್ದರೆ ಊರೇ ಕೊಚ್ಚಿಹೋಗುತ್ತಿತ್ತು. ತೂಬು ತೆರೆದ ಪುಣ್ಯಾತ್ಮನಿಗೆ ಜರಿಪೇಟ ತೊಡಿಸಿ ಆನೆಯ ಮೇಲೆ ಮೆರೆಸಬೇಕು. ಮಾರಯ್ಯಾ, ಬಾ, ತಲೆ ಬಗ್ಗಿಸು."

ದಿವಾನ ದಡಬಡನೆ ಮುಂದೆ ನುಗ್ಗಿದ.

"ಅವನಿಗ್ಯಾಕೆ ಪೇಟ? ಅಂದು ಅವನು ಮಗಳ ಊರಿಗೆ ಹೋಗಿದ್ದ! ನಾನು ತೆರೆದೆ ಪ್ರಭು! ನಾನೇ ಹಲಗೆ ಎತ್ತಿದೆ, ನಾನೇ ನೀರು ಬಿಟ್ಟೆ!"

ದೊರೆ ಕೋನಪ್ಪನತ್ತ ತಿರುಗಿದ. "ಮತ್ತೆ ಆ ಬಿರುಕು?"

"ಏರಿ ಕಲ್ಲಿನಂತಿದೆ ಪ್ರಭು. ಸುಳ್ಳು ಹೇಳಿದ್ದಕ್ಕೆ ಕ್ಷಮೆಯಿರಲಿ."

ದೊರೆ ದಿವಾನನನ್ನು ಗಡಿ ದಾಟಿಸಿದ. ಜರಿಪೇಟವನ್ನು ಮಾರಯ್ಯನ ತಲೆಗೆ ತನ್ನ ಕೈಯಾರೆ ಸುತ್ತಿದ. ಆಮೇಲೆ ಕೋನಪ್ಪನನ್ನು ಕೇಳಿದ: "ಅಲ್ಲಯ್ಯಾ, ನಾನು ಆರು ತಿಂಗಳು ಮೇಷ್ಟ್ರ ಮುಂದೆ ಕೂತು ಕಲಿತ ವ್ಯಾಕರಣ ನಿನಗೆ ಒಂದು ಗಳಿಗೆಯಲ್ಲಿ ಹೇಗೆ ಬಂತು?"

"ನನಗೆ ಮೇಷ್ಟ್ರು ದಿವಾನರೇ ಪ್ರಭು! ದಂಡ ಕಂಡರೆ ಪ್ಯಾಸಿವ್, ಪೇಟ ಕಂಡರೆ ಆ್ಯಕ್ಟಿವ್!"

ದೊರೆ ನಕ್ಕ ರಭಸಕ್ಕೆ ಕಿರೀಟ ವಾಲಿತು. ವರದಿಗಳೆಲ್ಲ ಅಂದಿನಿಂದಲೇ ಆ್ಯಕ್ಟಿವ್ ಆದವು.