ಮಾಬುಸಾಬನ ಏಡಿ ನಡಿಗೆ

ಇಳಕಲ್ಲಿನ ಬಳಿಯ ಕಲ್ಲುಗಣಿಯೊಂದರಲ್ಲಿ ಮಾಬುಸಾಬ ಬಂಡೆ ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಕಲ್ಲು-ತಗ್ಗಿನ ನೆಲದಲ್ಲೇ ಓಡುವ, ದೊಡ್ಡ ಗಾಲಿಗಳ ಗಾಡಿ ಅದು.

ಹೊಸದಾಗಿ ಬಂದ ಮ್ಯಾನೇಜರ್ ಗುಡುಗಿದ: "ಏಯ್, ಈ ಬಂಡೆ ಆ ಮೂಲೆಗೆ ಹೋಗಬೇಕು. ಗಾಡಿ ತಿರುಗೋಕೆ ಜಾಗ ಇಲ್ಲ. ಆ ಶೆಡ್ಡು ಕೆಡವಿಬಿಡು!"

ಕೂಲಿ ಹೆಂಗಸರು ಕೂಸುಗಳನ್ನು ಮಲಗಿಸುತ್ತಿದ್ದ ಶೆಡ್ಡು ಅದು. ಅವರ ಮುಖ ಬಾಡಿತು.

"ಒಂದು ಚಾ ಕುಡಿಯೂವಷ್ಟು ಟೈಮ್ ಕೊಡ್ರಿ ಸಾಹೇಬ್ರ," ಎಂದ ಮಾಬುಸಾಬ ಗಾಡಿಯಲ್ಲಿ ಬಂಡೆ ಎತ್ತಿಕೊಂಡ. ಒಂದು ಗುಂಡಿ ಒತ್ತಿ ಸ್ಟೇರಿಂಗ್ ತಿರುವಿದ. ನಾಲ್ಕೂ ಗಾಲಿ ಒಂದೇ ಕಡೆಗೆ ಹೊರಳಿದವು. ಗಾಡಿ ಮೂತಿ ತಿರುಗಿಸದೆ, ಏಡಿಯ ಹಾಗೆ ಓರೆಯಾಗಿ ನಡೆದು, ಶೆಡ್ಡಿನಿಂದ ಗೇಣು ದೂರದಲ್ಲಿ ಸರಿದುಹೋಗಿ ಬಂಡೆಯನ್ನು ಮೂಲೆಯಲ್ಲಿ ಇಳಿಸಿತು.

"ತಿರುಗಾಕ ಜಾಗ ಇಲ್ಲ ಅಂದ್ರಲ್ಲರೀ, ಅದಕ್ಕ ನಾ ತಿರುಗಲೇ ಇಲ್ರಿ," ಎಂದ ಮಾಬುಸಾಬ.

ಬಾಯಿ ತೆರೆದು ನಿಂತಿದ್ದ ಮ್ಯಾನೇಜರ್ ಮೆಲ್ಲಗೆ ಹತ್ತಿರ ಬಂದ. "ಮಾಬುಸಾಬರೇ, ಇನ್ನೊಮ್ಮೆ ಮಾಡಿ ತೋರಿಸ್ತೀರಾ?"